ಅಳಿಯದೆ ಉಳಿದ ಹಳೆಯ ಅಚ್ಚು

ರೋಮನ್ ಗಣರಾಜ್ಯದ ಕಂಚಿನ ನಾಣ್ಯಗಳನ್ನು ಸಂಗ್ರಹಿಸುವವರಲ್ಲಿ ಹೆಚ್ಚಿನವರು ಬಯಸುವುದು ಅಚ್ಚು ಬಿಲ್ಲೆಯ ನಡುವೆ ಸರಿಯಾಗಿ ಕೂತಿರುವ, ಅಕ್ಷರಗಳೆಲ್ಲ ಓದಲು ಬರುವ, ಹಸಿರು ಕಿಲುಬು ಮೈತುಂಬ ಸಮನಾಗಿ ಹರಡಿರುವ ನಾಣ್ಯವನ್ನು. ನಾನು ಕೆಲವು ವರ್ಷಗಳಿಂದ ಹುಡುಕುತ್ತಿರುವುದು ಬೇರೆ ಬಗೆಯದನ್ನು. ಅದರಲ್ಲಿ ದೇವರ ಕೆನ್ನೆಯ ಮೇಲೆ ಸಂಬಂಧವಿಲ್ಲದ ಒಂದು ಗೀರು ಎದ್ದಿರುತ್ತದೆ, ಹಡಗಿನ ಮೂತಿಯ ಕೆಳಗೆ ಯಾರದೋ ಕೂದಲಿನ ಎಳೆಗಳು ಕಾಣುತ್ತವೆ, ಅಂಚಿನಲ್ಲಿ ಲ್ಯಾಟಿನ್ ಅಲ್ಲದ ಅಕ್ಷರವೊಂದು ಅರ್ಧಕ್ಕೆ ನಿಂತಿರುತ್ತದೆ. ಇವು ಮರುಟಂಕಿಸಿದ ನಾಣ್ಯಗಳು. ಆಗಲೇ ಕೈಯಿಂದ ಕೈಗೆ ಓಡಾಡುತ್ತಿದ್ದ ಒಂದು ನಾಣ್ಯವನ್ನು ಕರಗಿಸುವ ಗೋಜಿಗೆ ಹೋಗದೆ, ಅದನ್ನೇ ಬಿಲ್ಲೆಯಾಗಿ ಅಚ್ಚುಗಳ ನಡುವೆ ಇಟ್ಟು ಹೊಡೆದು ಹೊಸ ನಾಣ್ಯವನ್ನಾಗಿ ಮಾಡಿದ್ದರಿಂದ, ಮೊದಲಿನ ಚಿತ್ರ ಪೂರ್ತಿ ಅಳಿಯದೆ ಎರಡನೆಯದರ ಅಡಿಯಿಂದ ಇಣುಕುತ್ತದೆ. ಹರಾಜಿನ ಪಟ್ಟಿಗಳಲ್ಲಿ ಇಂಥವುಗಳಿಗೆ ‘ಅಚ್ಚು ಸರಿಯಾಗಿ ಮೂಡಿಲ್ಲ’ ಎಂಬ ಒಂದು ಸಾಲಿನ ವಿವರಣೆ ಸಿಕ್ಕರೆ ಹೆಚ್ಚು. ನನ್ನ ಮಟ್ಟಿಗೆ ಪ್ರಾಚೀನ ನಾಣ್ಯಗಳಲ್ಲಿ ಇವುಗಳಷ್ಟು ಪ್ರಾಮಾಣಿಕವಾದ ಸಾಕ್ಷಿಗಳು ಬೇರೆ ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಇವು ತಮ್ಮ ಮೈಯಲ್ಲೇ ಹೊತ್ತಿವೆ.

ಒಂದನ್ನು ಹತ್ತಿರದಿಂದ ನೋಡೋಣ. ನನ್ನಲ್ಲಿರುವ ಒಂದು ಸೆಕ್ಸ್‌ಟಾನ್ಸ್, ಅಂದರೆ ರೋಮನ್ನರ ಮೂಲ ಕಂಚಿನ ನಾಣ್ಯವಾದ ಆಸ್‌ನ ಆರನೆಯ ಒಂದು ಭಾಗದ ಬೆಲೆಯ ನಾಣ್ಯ, ಐದು ಗ್ರಾಂಗೆ ತುಸು ಹೆಚ್ಚು ತೂಗುತ್ತದೆ. ಮುಂಬದಿಯಲ್ಲಿ ರೆಕ್ಕೆಯ ಟೊಪ್ಪಿಗೆ ತೊಟ್ಟು ಬಲಕ್ಕೆ ನೋಡುತ್ತಿರುವ ಮರ್ಕ್ಯುರಿ ದೇವರು, ಮೇಲೆ ಬೆಲೆಯನ್ನು ಸೂಚಿಸುವ ಎರಡು ಚುಕ್ಕೆಗಳು. ಹಿಂಬದಿಯಲ್ಲಿ ಯುದ್ಧನೌಕೆಯ ಮೂತಿ, ರೋಮಾ ಎಂಬ ಬರಹ, ಜೊತೆಗೆ ಒಂದಕ್ಕೊಂದು ಹೆಣೆದುಕೊಂಡ ಎ, ವಿ, ಆರ್ ಅಕ್ಷರಗಳು. ಇಷ್ಟು ಎಲ್ಲ ಕೈಪಿಡಿಗಳಲ್ಲೂ ಇದೆ. ಆದರೆ ನಾಣ್ಯವನ್ನು ಕಾಲು ಸುತ್ತು ತಿರುಗಿಸಿ, ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ಬದಿಯಿಂದ ಸವರಿಕೊಂಡು ಬರುವಂತೆ ಇಟ್ಟರೆ, ಮರ್ಕ್ಯುರಿಯ ಟೊಪ್ಪಿಗೆಗೂ ಅಂಚಿಗೂ ನಡುವೆ ಎರಡು ಗಿಡ್ಡ ಕಾಲುಗಳು, ಅವುಗಳನ್ನು ಸೇರಿಸುವ ಹೊಟ್ಟೆಯ ಗೆರೆ, ಮತ್ತು ಅವನ ಗಲ್ಲದ ಪಕ್ಕದಲ್ಲಿ ನಕ್ಷತ್ರದ ಮೂರು ಮೊನೆಗಳು ಎದ್ದು ಕಾಣುತ್ತವೆ. ಹಿಂಬದಿಯಲ್ಲಿ ನೌಕೆಯ ಹಲಗೆಗಳ ಮೇಲೆ ಅಡ್ಡಲಾಗಿ ಹಾದುಹೋಗುವ ಅಲೆಅಲೆಯಾದ ಎಳೆಗಳಿವೆ, ಒಂದು ಎಲೆಯ ತುದಿ ಇದೆ. ಗೂಳಿ, ನಕ್ಷತ್ರ, ತೆನೆಯ ಮುಡಿ ಧರಿಸಿದ ದೇವಿಯ ತಲೆ: ಇವು ಮೂರೂ ಕೂಡಿರುವುದು ಸಾರ್ಡಿನಿಯಾ ದ್ವೀಪದಲ್ಲಿ, ರೋಮಿನ ಎದುರಾಳಿಯಾಗಿದ್ದ ಉತ್ತರ ಆಫ್ರಿಕಾದ ಕಾರ್ಥೇಜ್ ನಗರದವರ ಕಡೆಯಿಂದ ಹೊರಟ ಕಂಚಿನ ನಾಣ್ಯದಲ್ಲಿ. ಕಾರ್ಥೇಜಿನ ಟಾನಿತ್ ದೇವಿಯ ಮೇಲೆ ರೋಮಿನ ಹಡಗು ನಿಂತಿದೆ, ಗೂಳಿಯ ಮೇಲೆ ಮರ್ಕ್ಯುರಿಯ ಮುಖ ಒತ್ತಿದೆ.

ಇದು ಹೇಗೆ ಉಳಿಯಿತು ಎಂಬುದು ಸುತ್ತಿಗೆಯ ಕೆಲಸವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ಅರ್ಥವಾಗುತ್ತದೆ. ಅಚ್ಚಿನ ಸಮತಟ್ಟಾದ ಭಾಗ, ಅಂದರೆ ನಾಣ್ಯದಲ್ಲಿ ಚಿತ್ರದ ಸುತ್ತಲಿನ ಖಾಲಿ ಬಯಲಾಗುವ ಭಾಗ, ಲೋಹವನ್ನು ಎಲ್ಲಕ್ಕಿಂತ ಬಲವಾಗಿ ಒತ್ತುತ್ತದೆ. ಆದ್ದರಿಂದ ಹಳೆಯ ಉಬ್ಬು ಅಲ್ಲಿ ಚಪ್ಪಟೆಯಾಗಿ ಮಾಯವಾಗುವುದೇ ಹೆಚ್ಚು. ಅಚ್ಚಿನಲ್ಲಿ ಆಳವಾಗಿ ಕೊರೆದ ಭಾಗಗಳಿಗೆ, ಅಂದರೆ ಹೊಸ ಚಿತ್ರದ ಅತಿ ಎತ್ತರದ ಕೆನ್ನೆ, ಕೂದಲು, ನೌಕೆಯ ಒಡಲಿನಂಥ ಕಡೆಗಳಿಗೆ, ಲೋಹ ಪೂರ್ತಿ ನುಗ್ಗಿ ತುಂಬದೆ ಹೋದರೆ ಹಳೆಯ ಮೇಲ್ಮೈ ಅಲ್ಲಿ ಮುಟ್ಟಿಸಿಕೊಳ್ಳದೆ ಉಳಿದುಬಿಡುತ್ತದೆ. ಹೊಡೆತ ಓರೆಯಾಗಿ ಬಿದ್ದಾಗ ಒತ್ತಡ ಕಡಿಮೆಯಾದ ಅಂಚಿನಲ್ಲೂ ಹೀಗೇ ಆಗುತ್ತದೆ. ನೀರು ಹಾಕಿ ಸಾರಿಸದೆ ನಿನ್ನೆಯ ರಂಗೋಲಿಯ ಮೇಲೆಯೇ ಇಂದಿನದನ್ನು ಬಿಡಿಸಿದರೆ ಅಲ್ಲಲ್ಲಿ ಹಳೆಯ ಎಳೆ ಉಳಿಯುವಂತೆ, ಇಲ್ಲಿಯೂ ಉಳಿಯುವುದು ಚೂರುಗಳು ಮಾತ್ರ. ಹೊಸಬರು ಹಳೆಯ ಚಿತ್ರವನ್ನು ಖಾಲಿ ಬಯಲಿನಲ್ಲಿ ಹುಡುಕುತ್ತಾರೆ. ಮೊದಲು ನೋಡಬೇಕಾದದ್ದು ಹೊಸ ಮುಖದ ಎತ್ತರದ ಜಾಗಗಳನ್ನು ಮತ್ತು ಅಂಚನ್ನು.

ವಿಚಿತ್ರವಾಗಿ ಕಾಣುವ ನಾಣ್ಯಗಳೆಲ್ಲ ಮರುಟಂಕಿಸಿದವಲ್ಲ. ಬಿಲ್ಲೆ ಜಾರಿ ಒಂದೇ ಅಚ್ಚು ಎರಡು ಸಲ ಬಿದ್ದಿದ್ದರೆ ಅದೇ ಮೂಗು, ಅದೇ ಅಕ್ಷರ ಸ್ವಲ್ಪ ಪಕ್ಕದಲ್ಲಿ ಮತ್ತೆ ಕಾಣುತ್ತದೆ. ನಡುವೆ ಬಿಲ್ಲೆ ಇಲ್ಲದೆ ಎರಡು ಅಚ್ಚುಗಳೇ ಬಡಿದುಕೊಂಡಿದ್ದರೆ, ಆಮೇಲೆ ಹೊರಬಂದ ನಾಣ್ಯಗಳಲ್ಲಿ ಅದೇ ನಾಣ್ಯದ ಇನ್ನೊಂದು ಬದಿಯ ಗೆರೆಗಳು ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮೂಡುತ್ತವೆ. ಅಡಿಯ ನಾಣ್ಯದ ಉಳಿಕೆಯಾದರೋ ಉಬ್ಬಾಗಿರುತ್ತದೆ, ಅಕ್ಷರವಿದ್ದರೆ ಸರಿಯಾದ ದಿಕ್ಕಿನಲ್ಲೇ ಓದಿಸಿಕೊಳ್ಳುತ್ತದೆ. ಉಬ್ಬೋ ತಗ್ಗೋ, ನೇರವೋ ತಿರುವೋ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಂಡರೆ ಅರ್ಧದಷ್ಟು ಗೊಂದಲ ಅಲ್ಲಿಗೇ ಮುಗಿಯುತ್ತದೆ. ಎರಕದ ಗುಳಿ, ಮಣ್ಣಿನಲ್ಲಿ ತಿಂದುಹೋದ ಕಲೆ, ಗಟ್ಟಿಯಾಗಿ ಅಂಟಿಕೊಂಡ ಕಿಲುಬು ಇವುಗಳನ್ನು ಚಿತ್ರವೆಂದು ಭಾವಿಸುವ ಅಪಾಯ ಮಾತ್ರ ಕೊನೆಯವರೆಗೂ ಇರುತ್ತದೆ.

ಗುರುತಿಸುವ ಕೆಲಸದಲ್ಲಿ ತಾಳ್ಮೆಗಿಂತ ದೊಡ್ಡ ಗುಣ ಸಂಯಮ. ಮನುಷ್ಯನ ಕಣ್ಣು ಮುಖಗಳನ್ನು ಹುಡುಕುವುದರಲ್ಲಿ ಎಷ್ಟು ಚುರುಕೆಂದರೆ, ಸವೆದ ಕಂಚಿನಲ್ಲಿ ಅದು ಬೇಕಾದ ದೇವರನ್ನೆಲ್ಲ ಕಂಡುಬಿಡುತ್ತದೆ. ಅದಕ್ಕಾಗಿ ನಾನು ಮೊದಲು ಏನನ್ನೂ ಹೆಸರಿಸದೆ, ಕಂಡ ಗೆರೆಗಳನ್ನಷ್ಟೇ ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಆಮೇಲೆ ನಾಣ್ಯವನ್ನು ಒಂದೇ ಜಾಗದಲ್ಲಿಟ್ಟು, ದೀಪವನ್ನು ಸುತ್ತಲೂ ಸರಿಸುತ್ತ ಹಲವು ಫೋಟೋಗಳನ್ನು ತೆಗೆಯುತ್ತೇನೆ. ಒಂದು ಕಡೆಯ ಬೆಳಕಿನಲ್ಲಿ ಮಾತ್ರ ಕಂಡು ಉಳಿದವುಗಳಲ್ಲಿ ಕಾಣದ ಗೆರೆಯನ್ನು ನಂಬುವುದಿಲ್ಲ. ನಂತರ ಆ ಪ್ರದೇಶದಲ್ಲಿ, ಆ ತೂಕಕ್ಕೆ ಒಗ್ಗುವ, ಆ ಕಾಲಕ್ಕಿಂತ ಮೊದಲು ಓಡಾಡುತ್ತಿದ್ದ ನಾಣ್ಯಗಳು ಯಾವುವು ಎಂದು ಪಟ್ಟಿ ಮಾಡಿ, ಅವುಗಳ ಚೆನ್ನಾಗಿ ಉಳಿದ ಮಾದರಿಯ ಚಿತ್ರವನ್ನು ಅದೇ ಅಳತೆಗೆ ತಂದು, ಪಾರದರ್ಶಕವಾಗಿಸಿ, ನನ್ನ ನಾಣ್ಯದ ಚಿತ್ರದ ಮೇಲೆ ಇಟ್ಟು ನಿಧಾನವಾಗಿ ತಿರುಗಿಸಬೇಕು. ಗೂಳಿಯ ಹೊಟ್ಟೆಗೂ ನಕ್ಷತ್ರಕ್ಕೂ ಇರುವ ದೂರ ಎರಡರಲ್ಲೂ ಒಂದೇ ಆಗಿರಬೇಕು. ಕಾಲು ಕೂತಾಗ ನಕ್ಷತ್ರ ಎರಡು ಮಿಲಿಮೀಟರ್ ಆಚೆ ಬಿದ್ದರೆ ಆ ಊಹೆಯನ್ನು ಕೈಬಿಡಬೇಕು. ಒಂದು ಬದಿ ಹೊಂದಿದರೆ ಸಾಲದು, ಇನ್ನೊಂದು ಬದಿಯೂ ಅದೇ ನಾಣ್ಯದ ಇನ್ನೊಂದು ಬದಿಗೆ ಹೊಂದಬೇಕು. ಮಸುಕಾದ ಒಂದಿಡೀ ಮುಖಕ್ಕಿಂತ ಸ್ಪಷ್ಟವಾದ ಎರಡು ಅಕ್ಷರಗಳು ಹೆಚ್ಚು ಬೆಲೆಯುಳ್ಳವು. ಮುಖ ಹಲವು ಊರುಗಳ ನಾಣ್ಯಗಳಲ್ಲಿರಬಹುದು, ಅಕ್ಷರಗಳು ಅಷ್ಟು ಸುಲಭವಾಗಿ ಬೇರೆಯದಾಗುವುದಿಲ್ಲ.

ರೋಮಿನವರು ಹೀಗೇಕೆ ಮಾಡಿದರು? ಕಾರ್ಥೇಜಿನ ವಿರುದ್ಧದ ಎರಡನೆಯ ಪ್ಯೂನಿಕ್ ಯುದ್ಧ, ಕ್ರಿ.ಪೂ. 218ರಿಂದ 201ರವರೆಗೆ ನಡೆದದ್ದು, ರೋಮಿನ ಖಜಾನೆಯನ್ನು ಬರಿದು ಮಾಡಿತು. ಯುದ್ಧ ಆರಂಭವಾದಾಗ ಆಸ್ ಎಂಬ ಕಂಚಿನ ನಾಣ್ಯ ಎರಕ ಹೊಯ್ದ ದೊಡ್ಡ ಗಟ್ಟಿಯಾಗಿತ್ತು, ಹೆಸರಿಗಾದರೂ ಒಂದು ರೋಮನ್ ಪೌಂಡಿನ ಲೆಕ್ಕದ್ದು. ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಇಟಲಿಯೊಳಗೆ ರೋಮಿನ ಸೈನ್ಯಗಳನ್ನು ಒಂದರ ಮೇಲೊಂದು ಸೋಲಿಸುತ್ತ ಬಂದಂತೆ ಅದರ ತೂಕ ಅರ್ಧಕ್ಕೆ, ಅಲ್ಲಿಂದ ಇನ್ನೂ ಕೆಳಕ್ಕೆ ಇಳಿದು, ಕೆಲವೇ ವರ್ಷಗಳಲ್ಲಿ ಪೌಂಡಿನ ಆರನೆಯ ಒಂದು ಭಾಗಕ್ಕೆ ಬಂದು ನಿಂತಿತು. ಆ ತೂಕದ ಜೊತೆಗೇ ಹತ್ತು ಆಸ್ ಬೆಲೆಯ ಬೆಳ್ಳಿಯ ಡಿನೇರಿಯಸ್ ಹುಟ್ಟಿತು. ನಾಣ್ಯಗಳು ಚಿಕ್ಕವಾದ ಮೇಲೆ ಅವುಗಳನ್ನು ಎರಕ ಹೊಯ್ಯುವ ಬದಲು ಟಂಕಿಸಲು ಸಾಧ್ಯವಾಯಿತು. ಟಂಕಿಸುವುದಾದರೆ ಬಿಲ್ಲೆ ಬೇಕು. ದೂರದ ದ್ವೀಪಗಳಲ್ಲಿ ಬೀಡುಬಿಟ್ಟ ಸೈನಿಕರಿಗೆ ಬೇಗ ಸಂಬಳ ಕೊಡಬೇಕಾದ ಅಧಿಕಾರಿಗೆ ಗೆದ್ದ ಊರಿನ ನಾಣ್ಯಗಳೇ ಸಿದ್ಧವಾದ ಬಿಲ್ಲೆಗಳು. ಕುಲುಮೆ, ಸೌದೆ, ಎರಕದ ಅಚ್ಚು, ಕಾಯುವ ದಿನಗಳು ಎಲ್ಲವೂ ಉಳಿತಾಯವಾದವು. ತೂಕ ಒಂದು ಸಾಮಾನ್ಯ ಮಿತಿಯೊಳಗೆ ಬಂದರೆ ಸಾಕಾಗಿತ್ತು. ಆದ್ದರಿಂದ ಸಿಸಿಲಿ ಮತ್ತು ಸಾರ್ಡಿನಿಯಾಗಳ ಕಂಚಿನಲ್ಲಿ ಮರುಟಂಕಿಸಿದವು ತುಂಬ ಸಿಗುತ್ತವೆ.

ಸಿಸಿಲಿಯದು ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ. ಸಿರಾಕ್ಯೂಸಿನ ಅರಸ ಎರಡನೆಯ ಹಿಯೆರೋನ್ ದೀರ್ಘಕಾಲ ರೋಮಿನ ಮಿತ್ರನಾಗಿ ಆಳಿ ಕ್ರಿ.ಪೂ. 215ರಲ್ಲಿ ತೀರಿಕೊಂಡ. ಎಡಕ್ಕೆ ನೋಡುವ ಸಮುದ್ರದೇವತೆ ಪೊಸೈಡನ್ನನ ತಲೆ, ಹಿಂದೆ ಅಲಂಕಾರದ ತ್ರಿಶೂಲ, ಅದರ ಎರಡು ಬದಿಗೆ ಡಾಲ್ಫಿನ್‌ಗಳು, ಗ್ರೀಕ್ ಅಕ್ಷರಗಳಲ್ಲಿ ಹಿಯೆರೋನನ ಹೆಸರು ಇರುವ ಅವನ ಕಂಚಿನ ನಾಣ್ಯಗಳು ದ್ವೀಪದಲ್ಲೆಲ್ಲ ತುಂಬಿದ್ದವು. ಅವನ ನಂತರ ಬಂದವರು ಕಾರ್ಥೇಜಿನ ಕಡೆ ವಾಲಿದರು, ರೋಮಿನ ಸೇನಾಪತಿ ಮಾರ್ಸೆಲಸ್ ಊರಿಗೆ ಮುತ್ತಿಗೆ ಹಾಕಿದ, ಆರ್ಕಿಮಿಡೀಸನ ಯಂತ್ರಗಳು ಕಾದಿದರೂ 212ರಲ್ಲಿ ಸಿರಾಕ್ಯೂಸ್ ಬಿದ್ದಿತು. ತೆನೆಯ ಗುರುತು ಇರುವ ರೋಮನ್ ಸೆಕ್ಸ್‌ಟಾನ್ಸ್‌ಗಳನ್ನು ನೋಡಿದರೆ, ಮೇಲೆ ಮರ್ಕ್ಯುರಿ ಬಲಕ್ಕೆ ನೋಡುತ್ತಿದ್ದರೂ ಅಡಿಯಲ್ಲಿ ತ್ರಿಶೂಲದ ಹಲ್ಲುಗಳು, ಡಾಲ್ಫಿನ್ನಿನ ಬಾಗಿದ ಬೆನ್ನು, ಕೆಲವೊಮ್ಮೆ ಹಿಯೆರೋನನ ಹೆಸರಿನ ಒಂದೆರಡು ಅಕ್ಷರಗಳು ಮತ್ತೆ ಮತ್ತೆ ಸಿಗುತ್ತವೆ. ತ್ರಿಶೂಲದ ಹಿಡಿ ನೇರವಾದ ಗಟ್ಟಿ ಗೆರೆಯಾದ್ದರಿಂದ ಎಷ್ಟು ಹೊಡೆದರೂ ಹಟ ಹಿಡಿದು ಉಳಿಯುತ್ತದೆ. ಮರುಟಂಕಿಸಿದ ನಾಣ್ಯಗಳನ್ನು ಕಲಿಯಬೇಕೆನ್ನುವವರಿಗೆ ನಾನು ಮೊದಲು ತೋರಿಸುವುದು ಈ ಸರಣಿಯನ್ನೇ.

ಇದರ ಮಹತ್ವ ಅಲ್ಲಿಗೇ ನಿಲ್ಲುವುದಿಲ್ಲ. ಡಿನೇರಿಯಸ್ ಯಾವಾಗ ಹುಟ್ಟಿತು ಎಂಬ ಪ್ರಶ್ನೆಗೆ ವಿದ್ವಾಂಸರು ಬಹುಕಾಲ ಹೊಡೆದಾಡಿದ್ದಾರೆ. ರೋಮನ್ ಲೇಖಕ ಪ್ಲಿನಿ ಬರೆದದ್ದನ್ನು ನಂಬಿದವರು ಕ್ರಿ.ಪೂ. 269 ಎಂದರು. 1932ರಲ್ಲಿ ಮ್ಯಾಟಿಂಗ್ಲಿ ಮತ್ತು ರಾಬಿನ್ಸನ್ ಅದನ್ನು 187ಕ್ಕೆ ಇಳಿಸಬೇಕೆಂದು ವಾದಿಸಿದಾಗ ಹಲವರು ಒಪ್ಪಿಕೊಂಡರು. ಸಿಸಿಲಿಯ ಒಳನಾಡಿನ ಮೋರ್ಗಾಂಟಿನಾದಲ್ಲಿ 1955ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ನಡೆಸಿದ ಉತ್ಖನನದಲ್ಲಿ, 211ರಲ್ಲಿ ಊರು ರೋಮಿನ ಕೈಗೆ ಸಿಕ್ಕಾಗಿನ ನಾಶದ ಪದರದಡಿಯಲ್ಲಿ ಹೊಸ ಬೆಳ್ಳಿ ನಾಣ್ಯಗಳು ಸಿಕ್ಕಿದ ಮೇಲೆ ಆ ವಾದ ನಿಲ್ಲಲಿಲ್ಲ. ಆ ಊರು ಮೋರ್ಗಾಂಟಿನಾವೇ ಎಂದು ಗೊತ್ತಾದದ್ದೂ ನಾಣ್ಯಗಳಿಂದ: ರೋಮಿಗೆ ನೆರವಾದ ಸ್ಪೇನಿನ ಸೈನಿಕರಿಗೆ ಆ ಪಟ್ಟಣವನ್ನು ಕೊಟ್ಟರೆಂದು ರೋಮನ್ ಇತಿಹಾಸಕಾರ ಲಿವಿ ಹೇಳುತ್ತಾನೆ, ಅಲ್ಲಿ ಹೇರಳವಾಗಿ ಸಿಕ್ಕಿದ್ದು ‘ಹಿಸ್ಪಾನೋರಮ್’, ಅಂದರೆ ‘ಸ್ಪೇನಿನವರದು’, ಎಂದು ಬರೆದ ಕಂಚಿನ ನಾಣ್ಯಗಳು. ತೆನೆಯ ಗುರುತಿನ ಡಿನೇರಿಯಸ್‌ಗೂ ಅದೇ ಗುರುತಿನ ಕಂಚಿಗೂ ಇರುವ ನಂಟು, ಆ ಕಂಚಿನಡಿಯಲ್ಲಿ ಇಣುಕುವ ಹಿಯೆರೋನನ ತ್ರಿಶೂಲ, ಇವೂ ಅದೇ ಕಡೆಗೆ ಬೆರಳು ತೋರಿಸುತ್ತವೆ. ಹಿಯೆರೋನನ ಕಂಚು ರಾಶಿರಾಶಿಯಾಗಿ ರೋಮಿನ ಟಂಕಸಾಲೆಗೆ ಬಂದು ಬೀಳುವುದು ಸಿರಾಕ್ಯೂಸ್ ಬಿದ್ದ ಹೊತ್ತಿನಲ್ಲಿ ಸಹಜ. ಕಾಲು ಶತಮಾನದ ನಂತರವೂ ಅದೇ ಪ್ರಮಾಣದಲ್ಲಿ ಬರಬೇಕಾದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ.

ಆದರೂ ಮರುಟಂಕದ ಸಾಕ್ಷ್ಯ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದರಲ್ಲಿ ಕಟ್ಟುನಿಟ್ಟಾಗಿರಬೇಕು. ಅಡಿಯದು ಮೊದಲು, ಮೇಲಿನದು ಆಮೇಲೆ. ನಾಣ್ಯ ಖಚಿತವಾಗಿ ಹೇಳುವುದು ಇಷ್ಟನ್ನೇ. ನಡುವೆ ಕಳೆದದ್ದು ಒಂದು ತಿಂಗಳೋ ನಲವತ್ತು ವರ್ಷವೋ ಎಂಬುದನ್ನು ಅದು ಹೇಳದು. ಅಡಿಯ ನಾಣ್ಯ ಹೊಡೆತಕ್ಕೆ ಮೊದಲು ಎಷ್ಟು ಸವೆದಿತ್ತು ಎಂಬುದು ಕೆಲವೊಮ್ಮೆ ತಿಳಿಯುತ್ತದೆ. ಗೆರೆಗಳು ಚೂಪಾಗಿದ್ದರೆ ಹೆಚ್ಚು ಓಡಾಡಿಲ್ಲವೆಂದು ಊಹಿಸಬಹುದು. ಅದು ಊಹೆಯೇ. ಒಂದೇ ನಾಣ್ಯದಿಂದ ಇತಿಹಾಸ ಕಟ್ಟಲಾಗದು, ಆದರೆ ಒಂದರ ಮೇಲೊಂದು ಬಂದ ಹಲವು ಜೋಡಿಗಳನ್ನು ಸರಪಳಿಯಾಗಿ ಕೂಡಿಸಿದರೆ, ಮತ್ತು ಆ ಸರಪಳಿಯ ಒಂದು ಕೊಂಡಿಯನ್ನಾದರೂ ಬೇರೆ ಮೂಲದಿಂದ ವರ್ಷವೊಂದಕ್ಕೆ ಕಟ್ಟಲು ಸಾಧ್ಯವಾದರೆ, ಉಳಿದವುಗಳೂ ಸ್ಥಳ ಹಿಡಿಯುತ್ತವೆ. ಮೈಕೆಲ್ ಕ್ರಾಫೋರ್ಡ್ ಗಣರಾಜ್ಯದ ನಾಣ್ಯಗಳ ಬಗ್ಗೆ 1974ರಲ್ಲಿ ಪ್ರಕಟಿಸಿದ, ಇಂದಿಗೂ ಎಲ್ಲರೂ ಸಂಖ್ಯೆ ಹಿಡಿದು ಉಲ್ಲೇಖಿಸುವ ಎರಡು ಸಂಪುಟಗಳಲ್ಲಿ ಮರುಟಂಕಿಸಿದ ನಾಣ್ಯಗಳಿಗೇ ಒಂದು ಪಟ್ಟಿಯನ್ನು ಕೊಟ್ಟದ್ದು ಈ ಕಾರಣಕ್ಕೆ.

ನನ್ನ ಸಾರ್ಡಿನಿಯಾದ ನಾಣ್ಯಕ್ಕೆ ಇದನ್ನು ಅನ್ವಯಿಸಿ ನೋಡಬಹುದು. ಕಾನ್ನೆ ಕದನದಲ್ಲಿ ರೋಮ್ ಸೋತ ಮರುವರ್ಷ, 215ರಲ್ಲಿ, ಹಾಂಪ್ಸಿಕೋರಾ ಎಂಬ ಮುಖಂಡನ ನೇತೃತ್ವದಲ್ಲಿ ಸಾರ್ಡಿನಿಯಾದವರು ದಂಗೆ ಎದ್ದರು, ಕಾರ್ಥೇಜ್ ಸೈನ್ಯ ಕಳಿಸಿತು, ರೋಮಿನ ಟೈಟಸ್ ಮಾನ್ಲಿಯಸ್ ಟಾರ್ಕ್ವಾಟಸ್ ದಂಗೆಯನ್ನು ಹತ್ತಿಕ್ಕಿದ. ಗೂಳಿ ಮತ್ತು ನಕ್ಷತ್ರದ ನಾಣ್ಯಗಳನ್ನು ವಿದ್ವಾಂಸರು ಸಾಮಾನ್ಯವಾಗಿ ಈ ದಂಗೆಯ ಸುತ್ತಲಿನ ಕಾಲಕ್ಕೆ ಇಡುತ್ತಾರೆ. ಅದರ ಮೇಲೆ ಬಂದ ರೋಮನ್ ನಾಣ್ಯಗಳಲ್ಲಿ ಮೂರು ಗುರುತುಗಳಿವೆ: ಬರಿಯ ಸಿ, ಕೂಡಿಸಿದ ಎಂ ಮತ್ತು ಎ, ಕೂಡಿಸಿದ ಎ, ವಿ ಮತ್ತು ಆರ್. ಸಾರ್ಡಿನಿಯಾವನ್ನು ಆಳಲು ರೋಮ್ ಕಳಿಸಿದ ಪ್ರೇಟರ್‌ಗಳೆಂದು ಲಿವಿ ಹೆಸರಿಸುವವರು 211ರಲ್ಲಿ ಕಾರ್ನೇಲಿಯಸ್, 210ರಲ್ಲಿ ಮಾನ್ಲಿಯಸ್, 209ರಲ್ಲಿ ಔರುಂಕುಲೆಯಸ್. ಗುರುತುಗಳನ್ನು ಈ ಮೂವರ ಹೆಸರಿಗೆ ಹೊಂದಿಸಿದ್ದು ಕ್ರಾಫೋರ್ಡ್. ಅಡಿಯಲ್ಲಿ ಗೂಳಿ ಕಾಣದೆ ಇದ್ದಿದ್ದರೆ ಈ ನಾಣ್ಯಗಳನ್ನು ಸಾರ್ಡಿನಿಯಾದ ಜೊತೆ ಸೇರಿಸಲು ಯಾರಿಗೂ ಹೊಳೆಯುತ್ತಿರಲಿಲ್ಲವೆಂದು ನನಗೆ ಅನಿಸುತ್ತದೆ.

ಇದೇ ತರ್ಕ ನಮ್ಮ ನೆಲದ ಇತಿಹಾಸದಲ್ಲೂ ಒಂದು ದೊಡ್ಡ ಕೆಲಸ ಮಾಡಿದೆ. ನಾಸಿಕದ ಹತ್ತಿರದ ಜೋಗಲ್ತೆಂಬಿಯಲ್ಲಿ 1906ರಲ್ಲಿ ಸಿಕ್ಕಿದ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಕ್ಷಹರಾತ ವಂಶದ ನಹಪಾನನವು, ಆದರೆ ಅವುಗಳಲ್ಲಿ ಮೂರನೆಯ ಎರಡು ಭಾಗದಷ್ಟರ ಮೇಲೆ ಗೌತಮೀಪುತ್ರ ಶಾತಕರ್ಣಿಯ ಮುದ್ರೆ ಬಿದ್ದಿದೆ. ಕ್ಷಹರಾತರನ್ನು ಆತ ನಿರ್ಮೂಲ ಮಾಡಿದನೆಂಬ ನಾಸಿಕದ ಶಾಸನದ ಮಾತಿಗೆ ಅಷ್ಟು ಸಾವಿರ ಬೆಳ್ಳಿಯ ಸಾಕ್ಷಿಗಳು. ಚಂದ್ರವಳ್ಳಿ, ಬನವಾಸಿ, ಸನ್ನತಿಗಳ ಶಾತವಾಹನ ಇತಿಹಾಸವನ್ನು ಓದಿದವರಿಗೆ ಈ ನಿಧಿ ಪರಿಚಿತ. ರೋಮಿನ ಕಂಚನ್ನು ಓದಲು ಹೊರಟ ಕನ್ನಡಿಗನಿಗೆ ಇದಕ್ಕಿಂತ ಒಳ್ಳೆಯ ಪೂರ್ವಪಾಠ ಸಿಗಲಾರದು.

ಚಕ್ರವರ್ತಿಗಳ ಕಾಲದಲ್ಲೂ ಮರುಟಂಕ ನಿಲ್ಲಲಿಲ್ಲ, ಆದರೆ ಅದರ ಉದ್ದೇಶ ಬೇರೆಯಾಯಿತು. ಗಾಲ್ ಪ್ರಾಂತ್ಯವನ್ನು ಕ್ರಿ.ಶ. 260ರಿಂದ 269ರವರೆಗೆ ಪ್ರತ್ಯೇಕವಾಗಿ ಆಳಿದ ಪೋಸ್ಟುಮಸ್ ಎಂಬ ಸೇನಾನಿ, ನೂರು ನೂರೈವತ್ತು ವರ್ಷಗಳ ಹಿಂದಿನ ಟ್ರಾಜನ್, ಹ್ಯಾಡ್ರಿಯನ್, ಆಂಟೊನೈನ್‌ರ ಕಾಲದ ಸವೆದ ದೊಡ್ಡ ನಾಣ್ಯಗಳಾದ ಸೆಸ್ಟರ್ಟಿಯಸ್‌ಗಳ ಮೇಲೆ ಕಿರಣದ ಕಿರೀಟ ಧರಿಸಿದ ತನ್ನ ತಲೆಯನ್ನು ಒತ್ತಿಸಿ ಅವುಗಳನ್ನು ಎರಡು ಸೆಸ್ಟರ್ಟಿಯಸ್‌ನ ನಾಣ್ಯಗಳನ್ನಾಗಿ ಮಾಡಿದ. ಲೋಹ ಅಷ್ಟೇ, ಬೆಲೆ ಇಮ್ಮಡಿ. ಇವುಗಳಲ್ಲಿ ಅಡಿಯ ಮುಖ ಎಷ್ಟು ದೊಡ್ಡದಾಗಿ ಉಳಿದಿರುತ್ತದೆಂದರೆ ಕೆಲವೊಮ್ಮೆ ಹಳೆಯ ಚಕ್ರವರ್ತಿಯನ್ನು ಮೂಗಿನಿಂದಲೇ ಗುರುತಿಸಬಹುದು. ಜುಡಿಯಾದಲ್ಲಿ ಕ್ರಿ.ಶ. 132ರಿಂದ 135ರವರೆಗೆ ಬಾರ್ ಕೊಖ್ಬಾನ ನೇತೃತ್ವದ ಯಹೂದಿ ದಂಗೆಯವರು ರೋಮಿನ ನಾಣ್ಯಗಳ ಮೇಲೆ ತಮ್ಮ ದ್ರಾಕ್ಷಿ ಎಲೆ, ಖರ್ಜೂರದ ಮರಗಳನ್ನು ಒತ್ತಿದ್ದು ಇನ್ನೊಂದು ತೆರನಾದದ್ದು. ಚಕ್ರವರ್ತಿಯ ಮುಖವನ್ನು ಅಳಿಸುವುದೇ ಅಲ್ಲಿ ಅರ್ಧ ಉದ್ದೇಶ. ಅವುಗಳನ್ನು ಸಂಗ್ರಹಿಸುವವರ ಉತ್ಸಾಹ ನನಗೆ ಅರ್ಥವಾಗುತ್ತದೆ, ನನ್ನ ಮನಸ್ಸು ಮಾತ್ರ ಗಣರಾಜ್ಯದ ಬಡ ಸೆಕ್ಸ್‌ಟಾನ್ಸ್‌ಗಳ ಕಡೆಗೇ ಹೋಗುತ್ತದೆ.

ನನ್ನನ್ನು ನಿಜವಾಗಿ ನೋಯಿಸುವ ಸಂಗತಿಯೊಂದಿದೆ. ಚೆನ್ನಾಗಿ ಕಾಣಲಿ ಎಂದು ನಾಣ್ಯದ ಬಯಲನ್ನು ಉಳಿಯಿಂದ ಕೆರೆದು ನುಣುಪು ಮಾಡುವ ಅಭ್ಯಾಸ ಮಾರಾಟಗಾರರಲ್ಲಿ ಇದೆ. ಹಾಗೆ ಕೆರೆಯುವಾಗ ಮೊದಲು ಹೋಗುವುದು ಅಡಿಯ ಅಚ್ಚಿನ ಉಳಿಕೆಗಳೇ, ಏಕೆಂದರೆ ಕೆರೆಯುವವನ ಕಣ್ಣಿಗೆ ಅವು ಕೊಳೆ ಅಥವಾ ದೋಷ. ಒಮ್ಮೆ ನಾನು ಕೊಂಡ ತೆನೆಯ ಗುರುತಿನ ಸೆಕ್ಸ್‌ಟಾನ್ಸ್ ಒಂದರಲ್ಲಿ ಮರ್ಕ್ಯುರಿಯ ಕುತ್ತಿಗೆಯ ಹಿಂದೆ ಡಾಲ್ಫಿನ್ನಿನ ಬಾಲ ಸ್ಪಷ್ಟವಾಗಿದ್ದು, ಅದರ ಮುಂದಿನ ದೇಹ ಇರಬೇಕಾದ ಕಡೆ ಸಮಾನಾಂತರವಾದ ಹೊಸ ಗೀರುಗಳಷ್ಟೇ ಇದ್ದವು. ಎರಡು ಸಾವಿರದ ಇನ್ನೂರು ವರ್ಷ ಉಳಿದದ್ದನ್ನು ಯಾರೋ ಒಂದು ಮಧ್ಯಾಹ್ನದಲ್ಲಿ ತೆಗೆದುಹಾಕಿದ್ದರು. ಆದ್ದರಿಂದ ಇಂಥ ನಾಣ್ಯ ಕೈಗೆ ಬಂದವರು ಶುಚಿಗೊಳಿಸುವ ಮೊದಲು ಫೋಟೋ ತೆಗೆಯಲಿ, ತೂಕ, ವ್ಯಾಸ, ಎರಡು ಬದಿಗಳ ಪರಸ್ಪರ ದಿಕ್ಕು, ಅಡಿಯ ಚಿತ್ರ ಎಷ್ಟು ತಿರುಗಿ ಕೂತಿದೆ ಎಂಬುದನ್ನು ಬರೆದಿಡಲಿ, ಎಲ್ಲಿಂದ ಬಂತೆಂಬ ವಿವರ ಇದ್ದರೆ ಅದನ್ನು ಕಳೆಯದಿರಲಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಗುರುತಿನ ಬಗ್ಗೆ ಖಚಿತವಿಲ್ಲದಿದ್ದರೆ ‘ಅಡಿಯದು ತಿಳಿದಿಲ್ಲ’ ಎಂದೇ ಬರೆಯುವುದು ಒಳ್ಳೆಯದು. ತಪ್ಪು ಹೆಸರು ಒಮ್ಮೆ ಪಟ್ಟಿ ಸೇರಿದರೆ ಸರಪಳಿಯ ಎರಡು ಕೊಂಡಿಗಳು ಸುಳ್ಳಾಗುತ್ತವೆ.

ಸದ್ಯ ನಾನು ಹುಡುಕುತ್ತಿರುವುದು ಗುರುತೇ ಇಲ್ಲದ ಸಾಮಾನ್ಯ ರೋಮನ್ ಸೆಕ್ಸ್‌ಟಾನ್ಸ್‌ಗಳಲ್ಲಿ, ಗ್ರೀಸಿನ ಪಶ್ಚಿಮ ತೀರದ ಅಕಾರ್ನೇನಿಯಾ ಪ್ರದೇಶದ ಒಯ್ನಿಯಾಡೈ ಎಂಬ ಊರಿನ ನಾಣ್ಯಗಳ ಮೇಲೆ ಒತ್ತಿದವುಗಳನ್ನು. ಅವುಗಳ ಅಡಿಯಲ್ಲಿ ಒಂದು ಬದಿ ಜ್ಯೂಸ್‌ನ ತಲೆ, ಇನ್ನೊಂದು ಬದಿ ನದಿದೇವತೆ ಅಕೆಲೋಸ್‌ನ ಗಡ್ಡವಿರುವ, ಕೊಂಬು ಮೂಡಿದ ಮುಖ. ಲೇವಿನಸ್ ಎಂಬ ರೋಮನ್ ದಂಡನಾಯಕ ಕ್ರಿ.ಪೂ. 211ರಲ್ಲಿ ಆ ಊರನ್ನು ಹಿಡಿದು ರೋಮಿನ ಗ್ರೀಕ್ ಮಿತ್ರರಾದ ಏಟೋಲಿಯಾದವರ ವಶಕ್ಕೆ ಕೊಟ್ಟನೆಂದು ಲಿವಿ ಬರೆದಿದ್ದಾನೆ. ಸಮುದ್ರದಾಚೆಯ ಊರಿನ ಕಂಚು ರೋಮಿನ ಅಚ್ಚಿನ ಕೆಳಗೆ ಸೇರಿದ್ದು ಆ ಕೊಳ್ಳೆಯಿಂದಲೇ ಎಂಬುದು ಸಹಜವಾದ ಓದು. ಅಂಗಡಿಯ ಅಗ್ಗದ ಪೆಟ್ಟಿಗೆಯಲ್ಲಿ ಮರ್ಕ್ಯುರಿಯ ಸವೆದ ಸೆಕ್ಸ್‌ಟಾನ್ಸ್‌ಗಳು ಸಿಕ್ಕಾಗ ನಾನು ಪ್ರತಿಯೊಂದನ್ನೂ ತಲೆಕೆಳಗು ಮಾಡಿ, ಹಡಗಿನ ಕೆಳಗೆ ಗಡ್ಡದ ಸುರುಳಿಗಳೋ ಕೊಂಬಿನ ಬಾಗೋ ಇದೆಯೇ ಎಂದು ನೋಡುತ್ತೇನೆ. ಓದುಗರಲ್ಲಿ ಯಾರ ಬಳಿಯಾದರೂ ಅಂಥದೊಂದಿದ್ದರೆ, ಬದಿಯಿಂದ ಬೆಳಕು ಬಿಟ್ಟು ತೆಗೆದ ಎರಡು ಬದಿಗಳ ಚಿತ್ರ ಮತ್ತು ತೂಕ ಸಿಕ್ಕರೆ ಸಾಕು, ಕೆಲಸ ಶುರು ಮಾಡಬಹುದು.